ವೀಕ್ಷಕರ ತಪ್ಪು

ವಿಮಲಾಕ್ಷಿಯ ಮನೆ ಮುಂದಿನ ರಸ್ತೆಯ ನಡುವೆ ಒಂದು ಗೆರೆ ಹಾದುಹೋಗಿತ್ತು. ಅದು ಕಣ್ಣಿಗೆ ಕಾಣುವ ಗೆರೆಯಲ್ಲ, ಆದರೆ ಕೆಂಗೇರಿಯ ಆ ಬೀದಿಯಲ್ಲಿ ಅದನ್ನು ಅರಿಯದವರು ಇರಲಿಲ್ಲ. ಗೆರೆಯ ಈಚೆ ಇದ್ದ ಮನೆಗಳಿಗೆ ವಾರಕ್ಕೆ ಎರಡು ದಿನ ನಲ್ಲಿ ನೀರು ಬಿಡುತ್ತಿದ್ದರು, ಆಚೆಯವಕ್ಕೆ ದಿನ ಬಿಟ್ಟು ದಿನ. ಆಚೆಯ ಸಾಲಿನ ಮಕ್ಕಳಿಗೆ ಏಪ್ರಿಲ್ ಹತ್ತಕ್ಕೇ ಬೇಸಿಗೆ ರಜೆ, ಈಚೆಯವರಿಗೆ ಹದಿನೆಂಟಕ್ಕೆ. ಆಚೆಯ ಚೌಕ ಈಚೆಯದಕ್ಕಿಂತ ಅರ್ಧ ಡಿಗ್ರಿ ಹೆಚ್ಚು ಬಿಸಿ ಎಂದು ನಕ್ಷೆ ಹೇಳುತ್ತಿತ್ತು.

ಚೌಕ ಕಾಯ್ದೆ ಬಂದು ಹನ್ನೊಂದು ವರ್ಷವಾಗಿತ್ತು. ಇಡೀ ರಾಜ್ಯವನ್ನು ಉದ್ದಕ್ಕೊಂದು ಕಿಲೋಮೀಟರ್, ಅಗಲಕ್ಕೊಂದು ಕಿಲೋಮೀಟರ್ ಅಳತೆಯ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕಕ್ಕೂ ತಿಂಗಳು ತಿಂಗಳಿನ ಮಳೆ, ಬಿಸಿಲು, ತೇವ ಇಷ್ಟಿಷ್ಟೆಂದು ನಿಗದಿ ಮಾಡಿದ್ದರು. ಹಿಂದಿನ ಐವತ್ತು ವರ್ಷದ್ದೂ ಇತ್ತು, ಮುಂದಿನ ನಲವತ್ತು ವರ್ಷದ್ದೂ ಇತ್ತು. ಪ್ರತಿ ಚೌಕದಲ್ಲೂ ಥರ್ಮಾಮೀಟರು ನೆಡುವುದು ಸಾಧ್ಯವಿರಲಿಲ್ಲ. ಎಂಟು ಹತ್ತು ಕಿಲೋಮೀಟರಿಗೆ ಒಂದರಂತೆ ಇದ್ದ ಹವಾಮಾನ ಕೇಂದ್ರಗಳ ಅಂಕಿಗಳನ್ನು ಹಿಡಿದು, ನಡುವಿನ ಖಾಲಿ ಜಾಗಕ್ಕೆ ಕಂಪ್ಯೂಟರೇ ಅಂದಾಜು ತುಂಬುತ್ತಿತ್ತು. ಎತ್ತರ ಹೆಚ್ಚಿದರೆ ಇಷ್ಟು ತಂಪು, ಸಮುದ್ರ ದೂರವಾದರೆ ಇಷ್ಟು ಒಣ ಎಂಬ ಲೆಕ್ಕ. ಶುರುವಿನಲ್ಲಿ ಎಲ್ಲರೂ ಅದನ್ನು ಅಂದಾಜು ಎಂದೇ ಕರೆಯುತ್ತಿದ್ದರು. ಕಾಯ್ದೆ ಬಂದ ಮೇಲೆ ಆ ಮಾತು ಬಿದ್ದುಹೋಯಿತು.

ವಿಮಲಾಕ್ಷಿ ಕೆಲಸ ಮಾಡುತ್ತಿದ್ದದ್ದು ಈ ನಕ್ಷೆಯನ್ನು ಕಾಪಾಡುವ ಚೌಕ ಕೇಂದ್ರದಲ್ಲಿ, ಜೀವಿವಿಭಾಗದಲ್ಲಿ. ಒಂದು ಗಿಡ ಎಲ್ಲೆಲ್ಲಿ ಬೆಳೆದದ್ದನ್ನು ಜನ ಕಂಡಿದ್ದಾರೋ ಆ ಜಾಗಗಳನ್ನೆಲ್ಲ ಚುಕ್ಕೆಗಳಾಗಿ ನಕ್ಷೆಯ ತಂತ್ರಾಂಶಕ್ಕೆ ಹಾಕಬೇಕು. ಚುಕ್ಕೆಗಳ ಕೆಳಗೆ ಹವೆಯ ಚೌಕಗಳ ಪದರವನ್ನು ಹಾಸಬೇಕು. ಈ ಗಿಡಕ್ಕೆ ಎಂಥ ಬಿಸಿಲು, ಎಷ್ಟು ಮಳೆ ಒಗ್ಗುತ್ತದೆ ಎಂದು ಯಂತ್ರ ಕಲಿತುಕೊಂಡು, ನಲವತ್ತು ವರ್ಷದ ಮೇಲೆ ಆ ಹವೆ ಯಾವ ಚೌಕದಲ್ಲಿ ಉಳಿದಿರುತ್ತದೆ ಎಂದು ಹಸಿರು ಬಣ್ಣ ಬಳಿದು ತೋರಿಸುತ್ತದೆ. ಹಸಿರಾದ ಚೌಕಕ್ಕೆ ರಕ್ಷಣೆ. ಬೂದುಬಣ್ಣಕ್ಕೆ ತಿರುಗಿದ್ದಕ್ಕೆ ಕಾಯ್ದೆಯ ಭಾಷೆಯಲ್ಲಿ 'ಆರಿದ ಚೌಕ' ಎಂದು ಹೆಸರು. ಆರಿದ ಚೌಕದಲ್ಲಿ ಉಳಿಸಬೇಕಾದ ಗಿಡಮರ ಇದ್ದರೆ ಅವನ್ನು ಕಿತ್ತು ಹಸಿರು ಚೌಕಕ್ಕೆ ಒಯ್ದು ನೆಡಬೇಕು. ಆಮೇಲೆ ಆ ನೆಲವನ್ನು ಬೇರೆ ಉಪಯೋಗಕ್ಕೆ ಬಿಟ್ಟುಕೊಡಬಹುದು.

ಹನ್ನೊಂದನೆಯ ವರ್ಷದ ಬೇಸಿಗೆಯಲ್ಲಿ ಕೇಂದ್ರದ ನಿರ್ದೇಶಕ ವರದರಾಜ್ ಅವಳನ್ನು ತಮ್ಮ ಕೋಣೆಗೆ ಕರೆಸಿದರು.

"ವಿಮಲಾಕ್ಷಿಯವರೇ, ನಾವು ಹೇಳಿದ್ದು ನಿಜವಾಯ್ತೋ ಇಲ್ಲವೋ ಅಂತ ಪರೀಕ್ಷೆ ಮಾಡೋ ಕಾಲ ಬಂದಿದೆ. ನಲವತ್ತು ಚೌಕ ಆರಿಸಿದ್ದೀವಿ. ಅಲ್ಲೆಲ್ಲ ಹೋದ ವರ್ಷದಿಂದ ಅಳತೆಯ ಉಪಕರಣ ಕೂತಿವೆ. ಹತ್ತು ವರ್ಷದ ಹಿಂದಿನ ನಮ್ಮ ಭವಿಷ್ಯ, ಇವತ್ತಿನ ಅಳತೆ, ಎರಡನ್ನೂ ಪಕ್ಕಪಕ್ಕ ಇಟ್ಟು ವರದಿ ಬರೀರಿ. ಸಹಿ ನಿಮ್ಮದೇ ಇರ್ಲಿ."

ಅದು ಗೌರವದ ಕೆಲಸವಾಗಿತ್ತು. ಮೂರು ವಾರ ಅವಳು ತಲೆಯೆತ್ತದೆ ದುಡಿದಳು. ಬಹಳಷ್ಟು ಚೌಕಗಳಲ್ಲಿ ಭವಿಷ್ಯಕ್ಕೂ ಅಳತೆಗೂ ಒಂದು, ಒಂದೂವರೆ ಡಿಗ್ರಿಯ ವ್ಯತ್ಯಾಸವಿತ್ತು. ಒಂದು ಚೌಕ ಮಾತ್ರ ಬೆರಗು ಹುಟ್ಟಿಸುವಷ್ಟು ಸರಿಯಾಗಿತ್ತು. ಕನಕಪುರದ ಆಚೆಗಿನ ಹನಿಗಲ್ಲು ಬೆಟ್ಟ. ಮೇ ತಿಂಗಳ ಮಧ್ಯಾಹ್ನದ ಸರಾಸರಿ ಬಿಸಿ ನಲವತ್ತೊಂದು ಪಾಯಿಂಟ್ ಮೂರು ಎಂದು ನಕ್ಷೆ ಹೇಳಿತ್ತು, ಅಳೆದದ್ದು ನಲವತ್ತೊಂದೂವರೆ. ಮಳೆಯೂ ಹಾಗೆಯೇ ಹೊಂದಿತ್ತು. ಅಕ್ಕಪಕ್ಕದ ಮೇಜಿನವರನ್ನು ಕರೆದು ತೋರಿಸಿದಳು. ಮುಖಪುಟಕ್ಕೆ ಇದನ್ನೇ ಹಾಕೋಣ ಎಂದು ಅವರೂ ಹೇಳಿದರು.

ಪ್ರತಿ ಚೌಕಕ್ಕೂ ಒಂದು ಪ್ಯಾರಾ ಹಿನ್ನೆಲೆ ಬರೆಯಬೇಕಿತ್ತು. ಹನಿಗಲ್ಲು ಬೆಟ್ಟದ ಹಳೆಯ ಕಡತ ತೆಗೆದಳು. ಬೆಟ್ಟದ ಕೊರಕಲುಗಳಲ್ಲಿ ಉಪ್ಪಿನಕಾಯಿಗೆ ಹಾಕುವ ಮಾಕಳಿ ಬೇರಿನ ಬಳ್ಳಿ ದಟ್ಟವಾಗಿ ಬೆಳೆಯುತ್ತಿತ್ತು. ಚೌಕ ಆರಿದೆ ಎಂದು ತೀರ್ಮಾನವಾದ ಮೇಲೆ ಒಂಬೈನೂರು ಬಳ್ಳಿಗಳನ್ನು ಸಕಲೇಶಪುರದ ಕಡೆಯ ಹಸಿರು ಚೌಕಕ್ಕೆ ಸಾಗಿಸಿದ್ದರು. ಬೇರು ಅಗೆದು ಬದುಕುತ್ತಿದ್ದ ಇರುಳಿಗ ಬುಡಕಟ್ಟಿನ ನಲವತ್ತಾರು ಕುಟುಂಬಗಳನ್ನೂ ಬೇರಿನ ಜೊತೆಗೇ ಸಾಗಿಸಿದ್ದರು, ಏಕೆಂದರೆ ಅವರಿಗಿದ್ದ ಹಕ್ಕು ಬೇರಿನ ಮೇಲಿನದು, ಬೆಟ್ಟದ ಮೇಲಿನದಲ್ಲ. ಬೆಟ್ಟವನ್ನು ಕಲ್ಲುಗಣಿಗೆ ಕೊಟ್ಟಿದ್ದರು.

ಇದೆಲ್ಲ ಅವಳಿಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಕಡತದ ಕೊನೆಯಲ್ಲಿತ್ತು. ಬೆಟ್ಟದ ಮೇಲೆ ಮೊದಲೇ ಒಂದು ಪುಟ್ಟ ಹವಾಮಾನ ಕೇಂದ್ರ ಇತ್ತು. ಕಾಳ್ಗಿಚ್ಚಿನ ಅಧ್ಯಯನಕ್ಕೆಂದು ಯಾರೋ ಇಟ್ಟಿದ್ದ ಮರದ ಪೆಟ್ಟಿಗೆ, ಅದರೊಳಗೆ ಥರ್ಮಾಮೀಟರು, ಪಕ್ಕದಲ್ಲಿ ಮಳೆ ಅಳೆಯುವ ಡಬ್ಬ. ದಿನಕ್ಕೆರಡು ಸಲ ನೋಡಿ ಬರೆದವರು ಇರುಳಿಗರ ದೊಡ್ಡಿಯ ದುಂಡಮ್ಮ. ಸಾವಿರದ ನೂರ ನಲವತ್ತು ದಿನಗಳ ಅಂಕಿ, ಒಂದು ದಿನವೂ ತಪ್ಪಿರಲಿಲ್ಲ. ಮೇ ತಿಂಗಳ ಮಧ್ಯಾಹ್ನ ಮೂವತ್ತೈದು, ಮೂವತ್ತಾರು. ಕಾರ್ತೀಕದಲ್ಲಿ ಸುತ್ತಲಿನ ಬಯಲಿಗಿಂತ ಎರಡರಷ್ಟು ಮಳೆ.

ಆ ಸಾವಿರದ ನೂರ ನಲವತ್ತು ಸಾಲುಗಳ ಮೇಲೂ ಕೆಂಪು ಗೆರೆ ಎಳೆದಿತ್ತು. ಕಾರಣದ ಅಂಕಣದಲ್ಲಿ 'ವೀಕ್ಷಕರ ತಪ್ಪು' ಎಂದಿತ್ತು. ತೆಗೆದುಹಾಕಿದವರ ಹೆಸರಿನ ಜಾಗದಲ್ಲಿ ಅವಳದೇ ಹೆಸರು.

ನೆನಪು ಮಾಡಿಕೊಳ್ಳಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಆಗ ಕೆಲಸಕ್ಕೆ ಸೇರಿ ವರ್ಷವೂ ತುಂಬಿರಲಿಲ್ಲ. ಕಾಯ್ದೆ ಜಾರಿಯಾಗುವ ದಿನ ಹತ್ತಿರ ಬಂದು, ಮೂರು ಸಾವಿರ ಕೇಂದ್ರಗಳ ಅಂಕಿಗಳನ್ನು ಸೋಸುವ ಕೆಲಸ ನಾಲ್ಕು ಜನರ ಮೇಲೆ ಬಿದ್ದಿತ್ತು. ಒಂದು ಕೇಂದ್ರದ ಅಂಕಿ ಸುತ್ತಲಿನ ಐದು ಕೇಂದ್ರಗಳಿಗಿಂತ ಎರಡೂವರೆ ಡಿಗ್ರಿ ಆಚೀಚೆ ಹೋದರೆ ಯಂತ್ರ ಅನುಮಾನದ ಗುರುತು ಹಾಕುತ್ತಿತ್ತು. ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಮನುಷ್ಯರು ತೀರ್ಮಾನಿಸಬೇಕು. ಬಿಡುವುದಾದರೆ ಪಟ್ಟಿಯಿಂದ ಒಂದು ಕಾರಣ ಆರಿಸಬೇಕು. ಉಪಕರಣ ಕೆಟ್ಟಿದೆ, ಜಾಗ ತಪ್ಪಾಗಿದೆ, ವೀಕ್ಷಕರ ತಪ್ಪು. ಓದು ಬರಹ ಅಷ್ಟಕ್ಕಷ್ಟೇ ಇದ್ದ ಹೆಂಗಸು ಬರೆದ ಅಂಕಿ ಎಂದು ನೋಡಿ ಅವಳು ಮೂರನೆಯದನ್ನು ಒತ್ತಿರಬೇಕು. ಅದಕ್ಕೆ ಅರ್ಧ ನಿಮಿಷವೂ ಆಗಿರಲಿಕ್ಕಿಲ್ಲ.

ಅವಳು ಬಾಗಿಲು ಹಾಕಿಕೊಂಡು, ತೆಗೆದುಹಾಕಿದ ಅಂಕಿಗಳನ್ನು ಮತ್ತೆ ಸೇರಿಸಿ, ಹಳೆಯ ನಕ್ಷೆಯನ್ನು ಹೊಸದಾಗಿ ಕಟ್ಟಲು ಯಂತ್ರಕ್ಕೆ ಹೇಳಿದಳು. ಮಾಕಳಿ ಬೇರಿಗೆ ಆ ಚೌಕ ಒಗ್ಗುವ ಪ್ರಮಾಣ ಮೊದಲ ನಕ್ಷೆಯಲ್ಲಿ ನೂರಕ್ಕೆ ಹದಿನೆಂಟು ಎಂದಿತ್ತು. ಮೂವತ್ತಕ್ಕಿಂತ ಕೆಳಗಿದ್ದರೆ ಆರಿದ ಚೌಕ. ಈಗ ಎಪ್ಪತ್ತೊಂದು ಬಂತು. ಎರಡು ಬಂಡೆಗಳ ನಡುವಿನ ಕೊರಕಲಿನಲ್ಲಿ ತಂಪು ಗಾಳಿ ಇಳಿದು ನಿಲ್ಲುತ್ತಿತ್ತು, ಮಂಜು ಕಲ್ಲಿಗೆ ಬಡಿದು ಹನಿಯುತ್ತಿತ್ತು. ಬಯಲಿನ ಐದು ಕೇಂದ್ರಗಳಿಗೆ ಅದು ಹೇಗೆ ತಿಳಿಯಬೇಕು? ತಿಳಿದಿದ್ದದ್ದು ದುಂಡಮ್ಮನ ಪೆಟ್ಟಿಗೆಗೆ ಮಾತ್ರ. ನಲವತ್ತು ವರ್ಷದ ಮೇಲೂ ಆ ಬೆಟ್ಟ ಹಸಿರಾಗಿರುತ್ತಿತ್ತು.

ಸಂಜೆ ಗಂಡ ನಂಜುಂಡಸ್ವಾಮಿ ಅಡುಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತ ಕೂತಿದ್ದ. ಅವನು ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಅವಳು ಚೀಲ ಇಟ್ಟವಳೇ ಎಲ್ಲವನ್ನೂ ಹೇಳಿದಳು. ಅವನು ಕಾಯಿಯ ನಾರು ಎಳೆಯುವುದನ್ನು ನಿಲ್ಲಿಸಲಿಲ್ಲ.

"ನೀನು ಬೇಕು ಅಂತ ಮಾಡಿದ್ದಾ?"

"ಇಲ್ಲ."

"ನಿನ್ನ ಜಾಗದಲ್ಲಿ ಇನ್ಯಾರಿದ್ರೂ ಅದನ್ನೇ ಒತ್ತಿರ್ತಿದ್ರು."

"ಇನ್ಯಾರೋ ಒತ್ತಲಿಲ್ಲವಲ್ಲ ರೀ, ನಾನೇ ಒತ್ತಿದ್ದು."

ಅವನು ಸೋಸಿದ ಕಾಯಿಯನ್ನು ತಟ್ಟೆಗೆ ಹಾಕಿದ. "ಗಿಡ ಹೋಯ್ತು, ಬೆಟ್ಟ ಹೋಯ್ತು. ಈಗ ನೀನು ಬಾಯಿ ಬಿಟ್ರೆ ಯಾರಿಗೆ ಏನು ಬಂದ ಹಾಗಾಯ್ತು? ನಿನ್ನ ನೆಮ್ಮದಿಗೆ ಹೇಳ್ಕೊಬೇಕು ಅನ್ನೋದಾದ್ರೆ ನನಗೆ ಹೇಳಿದ್ದೀಯಲ್ಲ, ಸಾಕು ಬಿಡು."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಅದಕ್ಕೇ ಅವಳಿಗೆ ಅವನ ಮೇಲೆ ಸಿಟ್ಟು ಬಂತು.

ಆ ಶನಿವಾರ ಅವಳು ಬಸ್ಸು ಹತ್ತಿ ಕನಕಪುರಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದು ಹನಿಗಲ್ಲು ಬೆಟ್ಟಕ್ಕೆ ಹೋದಳು. ಬೆಟ್ಟದ ಮೂಡಣ ಮೈ ಪೂರ್ತಿ ಇಲ್ಲವಾಗಿತ್ತು. ಮೆಟ್ಟಿಲು ಮೆಟ್ಟಿಲಾಗಿ ಕೊಯ್ದ ಬಿಳಿ ಕಲ್ಲಿನ ಗೋಡೆ, ಅದರ ಬುಡದಲ್ಲಿ ಹಸಿರು ಬಣ್ಣದ ಕೊಳಚೆ ನೀರು. ಜಲ್ಲಿ ಕ್ರಷರಿನ ಧೂಳು ಕಿಲೋಮೀಟರ್ ದೂರದ ಹೊಂಗೆ ಮರಗಳ ಮೇಲೂ ಕೂತಿತ್ತು. ಅವಳ ವರದಿಯ ಅಳತೆ ಕೊಟ್ಟ ಹೊಸ ಉಪಕರಣ ಆ ಬೋಳು ಕಲ್ಲಿನ ನಡುವೆ, ತಂತಿಬೇಲಿಯೊಳಗೆ, ಮಿಂಚುತ್ತ ನಿಂತಿತ್ತು. ನೆರಳು ಕೊಡುವ ಒಂದು ಕಡ್ಡಿಯೂ ಸುತ್ತ ಉಳಿದಿರಲಿಲ್ಲ. ಅದರ ಪಕ್ಕ ನಿಂತ ವಿಮಲಾಕ್ಷಿಗೆ ಚಪ್ಪಲಿಯೊಳಗಿನಿಂದ ಕಾಲು ಸುಟ್ಟಿತು. ನಲವತ್ತೊಂದೂವರೆ ಡಿಗ್ರಿ ಬಂದದ್ದು ಹೇಗೆ ಎಂದು ಅಲ್ಲಿ ಅವಳಿಗೆ ಅರ್ಥವಾಯಿತು. ಅವಳ ನಕ್ಷೆ ಸುಳ್ಳು ಹೇಳಿತ್ತು, ಜನ ಅದನ್ನು ನಂಬಿ ಬೆಟ್ಟ ಕಡಿದರು, ಕಡಿದದ್ದರಿಂದ ನಕ್ಷೆ ಹೇಳಿದ್ದು ನಿಜವಾಯಿತು.

ದುಂಡಮ್ಮನನ್ನು ಹುಡುಕುವುದು ಕಷ್ಟವಾಗಲಿಲ್ಲ. ಸಕಲೇಶಪುರದ ಕಡೆ ಹೋದ ಇರುಳಿಗರಲ್ಲಿ ಹದಿನಾರು ಮನೆಯವರು ವಾಪಸು ಬಂದು ಕ್ರಷರಿನ ಹಿಂದೆ ಟಾರ್ಪಾಲಿನ ಗುಡಿಸಲು ಹಾಕಿಕೊಂಡಿದ್ದರು. ದುಂಡಮ್ಮ ಅರವತ್ತರ ಹತ್ತಿರದ ಗಟ್ಟಿಮುಟ್ಟಾದ ಹೆಂಗಸು. ಲಾರಿ ಓಡಾಡುವ ದಾರಿಗೆ ನೀರು ಚಿಮುಕಿಸಿ ಧೂಳು ಕೂರಿಸುವುದು ಅವಳ ಕೆಲಸ. ಕೊಡಪಾನ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಬಂದಳು.

"ಬೆಂಗ್ಳೂರಿಂದ ಬಂದ್ಯಾ? ಮಳೆ ಲೆಕ್ಕದ ಆಪೀಸಾ? ಕುಂತ್ಕೊ ಕನವ್ವ. ನಾ ಬರ್ದಿದ್ ಕಾರ್ಡೆಲ್ಲ ನಿಮ್ಮಾಪೀಸ್ಗೇ ತಾನೆ ಬತ್ತಿದ್ದುದ್ದು."

"ಹೌದಮ್ಮ, ನಮ್ಮಲ್ಲಿಗೇ ಬರ್ತಿತ್ತು."

"ಅಂಗನವಾಡಿ ಟೀಚರಮ್ಮ ಒಂದರಿಂದ ನೂರರ ಗಂಟ ಯೋಳ್ಕೊಟ್ಟಿದ್ರು. ಅದ್ರಾಗೇ ಬರೀತಿದ್ದೆ. ಜರ ಬಂದಾಗ್ಲೂ ಬಿಡ್ಲಿಲ್ಲ. ನನ್ ತಮ್ಮ ಕುಳ್ಳಯ್ಯ ಎತ್ಕೊಂಡೋಗಿ ಪೆಟ್ಗೆ ತಾವ ನಿಲ್ಲಿಸ್ದ, ನೋಡಿ ಬರ್ದೆ. ಅವ್ನಿಲ್ಲ ಈಗ. ಆ ಮಳೆ ಸೀಮೇಲಿ ಎದೆಗೆ ಸೀತ ಕುಂತು ಹೋದ. ಬೇರೂ ಅಂಗೇ ಕೊಳ್ತೋಯ್ತು. ನಮ್ ಬೇರಿಗೆ ಕಲ್ಲು ಬೇಕು, ಹನಿ ಬೇಕು. ಅಲ್ಲಿ ಬರೀ ಕೆಸ್ರು."

ವಿಮಲಾಕ್ಷಿ ಹೇಳಬೇಕೆಂದು ಬಂದದ್ದನ್ನು ಹೇಗೆ ಶುರು ಮಾಡುವುದೆಂದು ತಿಳಿಯದೆ ಕೂತಿದ್ದಳು. ದುಂಡಮ್ಮನೇ ಕೇಳಿದಳು.

"ಒಂದ್ ಮಾತ್ ಯೋಳವ್ವ. ಎತ್ತಂಗಡಿ ಮಾಡೋಕ್ ಬಂದ್ ಆಪೀಸರು, ನಿಮ್ ದುಂಡಮ್ಮ ತಪ್ಪು ತಪ್ಪು ಬರ್ದವ್ಳೆ, ಕಾಗದದಾಗೆ ಅಂಗೇ ಐತೆ ಅಂತ ಎಲ್ರ ಎದ್ರುಗೂ ಓದುದ್ರು. ಅವತ್ನಿಂದ ನನ್ ಜನವೇ ನನ್ನ ಸರ್ಯಾಗಿ ಮಾತಾಡ್ಸಲ್ಲ. ನೀನು ನೆಟ್ಟಗೆ ಬರ್ದಿದ್ರೆ ಬೆಟ್ಟ ಉಳೀತಿತ್ತು ಅಂತಾರೆ. ತಮ್ಮನ್ ಹೆಂಡ್ರು ಲಕ್ಕಮ್ಮ ಗಂಡನ್ ಸಾವ್ನೂ ನನ್ ತಲೆಗೇ ಕಟ್ಟವ್ಳೆ. ನಾ ಏನ್ ತಪ್ಪು ಬರ್ದೆ? ತಪ್ಪು ಅಂತ ಅಂದೋರು ಯಾರು?"

"ನಾನು," ಎಂದಳು ವಿಮಲಾಕ್ಷಿ. "ನೀವು ಬರೆದದ್ದರಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ. ಸುತ್ತಮುತ್ತಲಿನ ಊರಿನ ಲೆಕ್ಕಕ್ಕೆ ಹೊಂದಲಿಲ್ಲ ಅಂತ ನಾನೇ ತೆಗೆದುಹಾಕಿದೆ."

ದುಂಡಮ್ಮ ಅವಳ ಮುಖವನ್ನೇ ನೋಡಿದಳು. ಬೈಯುತ್ತಾಳೆಂದು ವಿಮಲಾಕ್ಷಿ ಕಾದಳು, ಬೈದರೆ ಸಾಕೆನಿಸಿತ್ತು.

"ಒಂದ್ಸಲ ಬಂದು ನೋಡ್ಬೋದಾಗಿತ್ತಲ್ಲವ್ವ," ಎಂದಳು ದುಂಡಮ್ಮ. "ಬಸ್ಸಿತ್ತು."

ಕೆಳಗಿಟ್ಟ ಕೊಡಪಾನವನ್ನು ಹತ್ತಿರಕ್ಕೆ ಎಳೆದುಕೊಂಡಳು. "ನಾ ಬೆಟ್ಟ ಕೊಡು ಅಂತ ಕೇಳಾಕಿಲ್ಲ. ಅದನ್ ನೀನು ಕೊಡ್ಲಾರೆ. ದುಂಡಮ್ಮ ಸರ್ಯಾಗ್ ಬರ್ದಿದ್ಲು ಅಂತ ನಿಮ್ಮಾಪೀಸ್ನೋರ್ ಕೈಲಿ ಒಂದ್ ಕಾಗ್ದ ಬರ್ಸ್ಕೊಡು. ಮೊಹರು ಒತ್ತಿರ್ಬೇಕು. ಎಲ್ರ ಎದ್ರುಗೂ ಓದ್ಸ್ತೀನಿ," ಎಂದಳು.

ವಿಮಲಾಕ್ಷಿ ಮಾತು ಕೊಟ್ಟಳು. ಇದು ತನ್ನ ಕೈಯಲ್ಲಾಗುವ ಕೆಲಸವೆಂದು ಆಗ ಅವಳು ನಿಜವಾಗಿಯೂ ನಂಬಿದ್ದಳು.

ಸೋಮವಾರ ವರದರಾಜ್ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ಅವರು ಕೆಟ್ಟ ಮನುಷ್ಯರಲ್ಲ. "ತಪ್ಪಾಗಿದ್ರೆ ತಿದ್ದೋಣ. ನಿಯಮ ಇದೆ," ಎಂದು ಪರಿಶೀಲನಾ ಸಮಿತಿಗೆ ಅರ್ಜಿ ಹಾಕಿಸಿದರು. ಸಮಿತಿ ಎಂದರೆ ಮೂವರು ಅಧಿಕಾರಿಗಳು, ಒಂದು ಪರೀಕ್ಷೆ. ಅನುಮಾನಕ್ಕೆ ಬಿದ್ದ ಹಳೆಯ ಅಂಕಿಗಳನ್ನು ಅದೇ ಜಾಗದಲ್ಲಿ ಈಗ ಕೂತಿರುವ ಉಪಕರಣದ ಅಂಕಿಗಳ ಜೊತೆ ಯಂತ್ರವೇ ಹೋಲಿಸಿ ನೋಡಬೇಕು.

ಹತ್ತನೆಯ ದಿನ ಫಲಿತಾಂಶ ಬಂತು. ವರದರಾಜ್ ಪರದೆಯನ್ನು ಅವಳ ಕಡೆ ತಿರುಗಿಸಿದರು. ಹಳೆಯ ಅಂಕಿಗಳು ಇವತ್ತಿನ ಅಳತೆಗಿಂತ ಐದೂವರೆ ಡಿಗ್ರಿ ಕಡಿಮೆ. ಹತ್ತು ವರ್ಷದಲ್ಲಿ ಯಾವ ಜಾಗವೂ ತನ್ನಷ್ಟಕ್ಕೆ ಇಷ್ಟು ಬಿಸಿಯಾಗುವುದು ಅಸಾಧ್ಯ. ತೀರ್ಮಾನ, ವೀಕ್ಷಕರ ತಪ್ಪು, ದೃಢಪಟ್ಟಿದೆ.

"ಸರ್, ಅಲ್ಲಿ ಬೆಟ್ಟವೇ ಇಲ್ಲ. ಬೋಳು ಕಲ್ಲಿನ ಮೇಲೆ ಅಳೀತಿದ್ದಾರೆ."

"ನನಗೆ ಗೊತ್ತು."

"ಮತ್ತೆ?"

"ಬೆಟ್ಟ ಇದ್ದದ್ದು, ಕಡಿದದ್ದು, ಈ ನಕ್ಷೆಯಲ್ಲಿ ಯಾವ ಪದರದಲ್ಲಿ ಬರುತ್ತೆ ಹೇಳಿ? ನಮ್ಮ ಹತ್ತಿರ ಇರೋದು ಮಳೆ, ಬಿಸಿಲು, ತೇವ." ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನಾನು ಸಮಿತೀಲಿ ಹೇಳಿದೆ ವಿಮಲಾಕ್ಷಿಯವರೇ. ಒಂದು ಚೌಕ ತಪ್ಪು ಅಂತ ಒಪ್ಪಿಕೊಂಡ್ರೆ ಎರಡು ಲಕ್ಷ ಚೌಕದವರು ಬಾಗಿಲಿಗೆ ಬರ್ತಾರೆ ಅಂದ್ರು ಅವರು."

"ಆಯಮ್ಮನಿಗೆ ಒಂದು ಕಾಗದ. ಅಷ್ಟೇ ಕೇಳ್ತಿರೋದು."

"ದೃಢಪಟ್ಟ ಮೇಲೆ ಮೊಹರು ಹೇಗೆ ಒತ್ತಲಿ?"

ವರದಿಗೆ ಸಹಿ ಮಾಡುವುದಿಲ್ಲ ಎಂದಳು ವಿಮಲಾಕ್ಷಿ. ಅವರು ಬಲವಂತ ಮಾಡಲಿಲ್ಲ. ಪಕ್ಕದ ಮೇಜಿನವರು ಸಹಿ ಮಾಡಿದರು. ಹನಿಗಲ್ಲು ಬೆಟ್ಟದ ಚೌಕವೇ ಮುಖಪುಟವಾಯಿತು, ಅದರ ಕೆಳಗೆ 'ನುಡಿದಂತೆ ನಡೆದ ನಕ್ಷೆ' ಎಂಬ ಸಾಲು. ದೆಹಲಿಯಲ್ಲಿ ವರದಿಗೆ ಬಹುಮಾನ ಬಂತು, ಕಚೇರಿಯಲ್ಲಿ ಮೈಸೂರುಪಾಕು ಹಂಚಿದರು. ಅವಳನ್ನು ಜೀವಿವಿಭಾಗದಿಂದ ಬಿಡಿಸಿ ಕಡತಗಳ ಕೋಣೆಗೆ ಹಾಕಿದರು. ಆದೇಶದಲ್ಲಿ ಶಿಕ್ಷೆ ಎಂಬ ಪದ ಇರಲಿಲ್ಲ.

ಅವಳು ಮನೆಯ ಊಟದ ಮೇಜಿನ ಮುಂದೆ ಕೂತು ಕೈಯಾರೆ ಕಾಗದ ಬರೆದಳು. ದುಂಡಮ್ಮನವರು ಬರೆದ ಸಾವಿರದ ನೂರ ನಲವತ್ತು ದಿನಗಳ ಅಂಕಿಗಳು ಸರಿಯಾಗಿದ್ದವು, ತಪ್ಪು ನನ್ನದು, ಇಂತಿ ವಿಮಲಾಕ್ಷಿ. ನಂಜುಂಡಸ್ವಾಮಿ ಓದಿ ನೋಡಿದ. ಒಂದು ಒತ್ತಕ್ಷರ ತಪ್ಪಿದ್ದನ್ನು ತೋರಿಸಿ, "ನಾನೂ ಬರ್ತೀನಿ," ಎಂದ. "ಬೇಡ ರೀ," ಎಂದಳು.

ಈ ಸಲ ಭಾನುವಾರ ಹೋದಳು. ದುಂಡಮ್ಮ ಗುಡಿಸಲು ಗುಡಿಸಲಿಗೂ ಹೋಗಿ ಜನರನ್ನು ಕರೆದು ತಂದಳು. ಇಪ್ಪತ್ತೈದು ಮೂವತ್ತು ಜನ ಟಾರ್ಪಾಲಿನ ನೆರಳಲ್ಲಿ ಕೂತರು. ಲಕ್ಕಮ್ಮ ಮಾತ್ರ ಆಚೆಗೆ ನಿಂತಳು. ವಿಮಲಾಕ್ಷಿ ಎದ್ದು ನಿಂತು ಕಾಗದವನ್ನು ಗಟ್ಟಿಯಾಗಿ ಓದಿದಳು. 'ತಪ್ಪು ನನ್ನದು' ಎಂಬುದನ್ನು ಎರಡು ಸಲ ಓದಿದಳು. ಮುಂದೆ ಕೂತಿದ್ದ ಒಬ್ಬ ಮುದುಕ ಕೈ ಚಾಚಿ ಕಾಗದ ಈಸಿಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿದ.

"ಮೊಹರೆಲ್ಲವ್ವ?"

"ಆಫೀಸಿನವರು ಕೊಡಲಿಲ್ಲ. ನಾನು ಬರೆದದ್ದು ತಪ್ಪು ಅಂತ ಅವರು ಹೇಳ್ತಾರೆ."

ಲಕ್ಕಮ್ಮ ದೂರದಿಂದಲೇ ನಕ್ಕಳು. "ಸರೋಯ್ತು. ಇವ್ಳು ಬರ್ದಿದ್ದೂ ತಪ್ಪಂತೆ, ನಮ್ ದುಂಡಮ್ಮ ಬರ್ದಿದ್ದೂ ತಪ್ಪಂತೆ. ಇಬ್ರೂ ಒಂದೇ ಕಡೆ ಕುಂತ್ಕಳ್ಳಿ." ಅವಳು ಬೆನ್ನು ತಿರುಗಿಸಿ ಹೋದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಎದ್ದರು. ಮುದುಕ ಕಾಗದವನ್ನು ದುಂಡಮ್ಮನ ಮಡಿಲಿಗೆ ಇಟ್ಟು ಹೋದ.

ದುಂಡಮ್ಮ ಅದನ್ನು ಓದಲು ಪ್ರಯತ್ನಿಸಿದಳು. ಅಕ್ಷರ ಅವಳಿಗೆ ಬರುತ್ತಿರಲಿಲ್ಲ, ಅಂಕಿ ಬರುತ್ತಿತ್ತು. ಸಾವಿರದ ನೂರ ನಲವತ್ತು ಎಂದು ಅಂಕಿಯಲ್ಲಿ ಬರೆದಿದ್ದ ಜಾಗದ ಮೇಲೆ ಬೆರಳಿಟ್ಟಳು.

"ಇಷ್ಟ್ ದಿನ ಬರ್ದಿದ್ನಾ ನಾನು?"

"ಹೌದಮ್ಮ."

ಕ್ರಷರಿನ ಕಡೆಯಿಂದ ಸೈರನ್ನು ಕೂಗಿತು. ಸಿಡಿಮದ್ದು ಹಾರಿಸುವ ಹೊತ್ತು. ಗುಡಿಸಲುಗಳಿಂದ ಎಲ್ಲರೂ ಹೊರಗೆ ಬಂದು ದೂರದ ದೊಡ್ಡ ಬಂಡೆಯ ಮರೆಗೆ ಹೋಗತೊಡಗಿದರು. ದುಂಡಮ್ಮ ಕಾಗದವನ್ನು ಮಡಿಸಿ ಎಲೆಯಡಿಕೆ ಚೀಲಕ್ಕೆ ತುರುಕಿ, ಮೊಣಕಾಲಿಗೆ ಕೈ ಕೊಟ್ಟು ಎದ್ದಳು.

"ಬಾ, ಇಲ್ ಕುಂತಿರ್ಬೇಡ. ಕಲ್ಲು ಬೀಳ್ತದೆ," ಎಂದಳು.

ಬಂಡೆಯ ಹಿಂದೆ ಜನ ಒತ್ತೊತ್ತಾಗಿ ನಿಂತಿದ್ದರು. ಇವರಿಬ್ಬರು ಬಂದಾಗ ಯಾರೂ ಸರಿದು ಜಾಗ ಮಾಡಿಕೊಡಲಿಲ್ಲ. ಇಬ್ಬರೂ ಅಂಚಿನಲ್ಲೇ, ಅರ್ಧ ಮೈ ಬಿಸಿಲಿಗೆ ಬಿಟ್ಟು, ಕಿವಿ ಮುಚ್ಚಿಕೊಂಡು ನಿಂತರು.